ಮನೆಯ ಗಾಳಿ ಅಳೆಯಲು ಬಂದವಳು

ಮನೆ ನೋಡಲು ಯಾರಾದರೂ ಬರುತ್ತಾರೆಂದರೆ ಸುಮಿತ್ರವ್ವನಿಗೆ ಅದರ ಅರ್ಥ ಒಂದೇ: ಮನೆ ಚೆನ್ನಾಗಿ ಕಾಣಬೇಕು. ನರಗುಂದದಲ್ಲಿ ಆಕೆಯ ಅಪ್ಪ ಶಾಲಾ ಮಾಸ್ತರರಾಗಿದ್ದಾಗ, ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಗೋಡೆಗೆಲ್ಲ ಸುಣ್ಣ ಬಳಿದು ಸೋರುವ ಖೋಲಿಗೆ ಬೀಗ ಜಡಿಯುತ್ತಿದ್ದರು. ಆಕೆಯನ್ನೇ ನೋಡಲು ಗಂಡಿನ ಕಡೆಯವರು ಬಂದ ದಿನ ಕಾಲು ಮುರಿದ ಕುರ್ಚಿ ಹಿತ್ತಲಿಗೆ ಹೋಗಿತ್ತು, ಪಕ್ಕದ ಮನೆಯ ಹೊಸ ಗಾದಿ ಇವರ ಪಡಸಾಲೆಗೆ ಬಂದಿತ್ತು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ, ಮರ್ಯಾದೆ ಎನ್ನುತ್ತಿದ್ದರು. ಹಾಗೆ ತಿಳಿದು ಬೆಳೆದವಳು ಟೆಕ್ಸಸ್ಸಿಗೆ ಬಂದು ಇಪ್ಪತ್ತೆರಡು ವರ್ಷವಾಯಿತೆಂದು ಬದಲಾಗಿಬಿಡುತ್ತಾಳೆಯೇ? 2013ರ ಡಿಸೆಂಬರಿನಲ್ಲಿ, "ಮಂಗಳವಾರ ಬೆಳಿಗ್ಗೆ ಒಬ್ಬರು ನಿಮ್ಮ ಮನೆ ನೋಡಲು ಬರುತ್ತಾರೆ" ಎಂದು ಫೋನು ಬಂದದ್ದೇ ತಡ, ಸೆರಗು ಸಿಕ್ಕಿಸಿ ನಿಂತಳು.

ಇರ್ವಿಂಗ್‌ನಲ್ಲಿದ್ದ ಆ ಮನೆ ಐವತ್ತು ವರ್ಷ ದಾಟಿದ್ದು. ಗಂಡ ಚನ್ನವೀರಪ್ಪನವರ ಪ್ರಿಂಟಿಂಗ್ ಅಂಗಡಿ ಭರ್ತಿ ನಡೆಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಡಲ್ಲಾಸ್ ಸುತ್ತಲಿನ ಅರ್ಧ ಕನ್ನಡಿಗರ ಮದುವೆ, ಸೀಮಂತ, ಗೃಹಪ್ರವೇಶದ ಕಾರ್ಡುಗಳು ಅವರ ಅಂಗಡಿಯಲ್ಲೇ ಅಚ್ಚಾಗುತ್ತಿದ್ದವು. ಆಮೇಲೆ ಜನ ಈಮೇಲಿನಲ್ಲೇ ಕರೆಯುವುದನ್ನು ಕಲಿತರು, ಅಂಗಡಿಗೆ ಬೀಗ ಬಿತ್ತು. ಅದರ ಬೆನ್ನಿಗೇ ಚನ್ನವೀರಪ್ಪನವರಿಗೆ ಶ್ವಾಸಕೋಶ ದಿನೇ ದಿನೇ ಗಟ್ಟಿಯಾಗುವ ಕಾಯಿಲೆ ಹತ್ತಿಕೊಂಡಿತು. ಮಕ್ಕಳಿಲ್ಲ. ಸುಮಿತ್ರವ್ವ ಇಂಡಿಯನ್ ಗ್ರೋಸರಿಯ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಿ ತಂದದ್ದೇ ಮನೆಯ ಸಂಪಾದನೆ. ಈ ಸುದ್ದಿ ಕನ್ನಡದವರ ಕಿವಿಗೆ ಬೀಳದಂತೆ ಆಕೆ ಕಾವಲು ಕಾಯ್ದಳು. ಹತ್ತಿರದ ಮರ್ಫಿ ಊರಿನಿಂದ ಹಳೆಯ ಸ್ನೇಹಿತ ಗದಿಗೆಪ್ಪ ಫೋನು ಮಾಡಿ ಸಂಘದ ದೀಪಾವಳಿಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ, "ಇವರಿಗೆ ಸ್ವಲ್ಪ ನೆಗಡಿರಿ" ಎಂದು ಮೂರು ವರ್ಷದಿಂದ ಅದೇ ನೆಗಡಿಯನ್ನು ಸಾಕಿಕೊಂಡು ಬಂದಿದ್ದಳು.

ಡಾಕ್ಟರು ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದ್ದರು. ಥಂಡಿ ಗಾಳಿ ತಾಕಬಾರದು, ಇನ್ನೊಂದು ಸಲ ಎದೆಗೆ ಸೋಂಕು ಇಳಿದರೆ ಈ ಶ್ವಾಸಕೋಶ ತಡೆಯುವುದಿಲ್ಲ. ಆದರೆ ಆ ಮನೆಯಲ್ಲಿ ಥಂಡಿ ಎಲ್ಲಿಲ್ಲ? ಹೀಟರು ಹಾಕಿದರೆ ಅರ್ಧ ತಾಸಿನಲ್ಲಿ ಬಿಸಿಯೆಲ್ಲ ಎಲ್ಲಿಗೋ ಹೋಗಿಬಿಡುತ್ತಿತ್ತು, ತಿಂಗಳ ಕೊನೆಗೆ ಬಿಲ್ಲು ಮಾತ್ರ ಉಳಿಯುತ್ತಿತ್ತು. ಆ ಡಿಸೆಂಬರಿನ ಮೊದಲ ವಾರವಂತೂ ಊರಿನ ರಸ್ತೆಗಳೆಲ್ಲ ಮಂಜುಗಟ್ಟಿ ಗಾಜಾಗಿದ್ದವು. ಗಂಡ ಹೆಂಡತಿ ಒಂದೇ ಚಿಕ್ಕ ಖೋಲಿಯಲ್ಲಿ, ಒಂದು ಪುಟ್ಟ ಹೀಟರಿನ ಮುಂದೆ, ಕೌದಿ ಹೊದ್ದು ನಾಲ್ಕು ದಿನ ಕಳೆದಿದ್ದರು. ಚನ್ನವೀರಪ್ಪನವರ ಕೆಮ್ಮು ಕೇಳಿದಾಗಲೆಲ್ಲ ಸುಮಿತ್ರವ್ವನ ಜೀವ ಬಾಯಿಗೆ ಬರುತ್ತಿತ್ತು.

ಅದಕ್ಕೂ ಮೊದಲು ನವೆಂಬರಿನಲ್ಲಿ, ಕರೆಂಟು ಕಡಿಯುತ್ತೇವೆ ಎಂಬ ಪತ್ರ ಕೈಗೆ ಬಂದಾಗ, ಆಕೆ ಯಾರಿಗೂ ಹೇಳದೆ ಬಡವರಿಗೆ ಬಿಲ್ಲು ಕಟ್ಟಲು ನೆರವು ಕೊಡುವ ಒಂದು ಕಚೇರಿಗೆ ಹೋಗಿದ್ದಳು. ಕನ್ನಡದವರು ಯಾರಾದರೂ ಕಂಡಾರೆಂದು ತಲೆಗೆ ಶಾಲು ಹೊದ್ದುಕೊಂಡೇ ಕೂತಿದ್ದಳು. ಮೇಜಿನ ಆಚೆಯ ಹೆಂಗಸು ಬಿಲ್ಲು ನೋಡಿದಳು, ಸಂಬಳದ ಚೀಟಿ ನೋಡಿದಳು, ಗಂಡನ ಕಾಯಿಲೆಯ ಕಾಗದ ನೋಡಿದಳು. ಯಾವ ಊರು, ಯಾರ ಪೈಕಿ, ಯಾರು ಕಳಿಸಿದರು ಎಂದು ಒಂದು ಮಾತು ಕೇಳಲಿಲ್ಲ. "ಕಂಪನಿಗೆ ನಾವೇ ಕಟ್ಟುತ್ತೇವೆ" ಎಂದಳು, ಅಷ್ಟೇ. ಸುಮಿತ್ರವ್ವ ಕಾರಿನಲ್ಲಿ ಕೂತು ಎಷ್ಟೋ ಹೊತ್ತು ಕೀಲಿಯನ್ನೇ ತಿರುಗಿಸಲಿಲ್ಲ. ಕೈ ಚಾಚಿದ್ದಾಳೆ, ಆದರೆ ಕೈ ಮೇಲೆ ಯಾರೂ ಏನನ್ನೂ ಇಟ್ಟಿಲ್ಲ. ಬೇಡಿದ್ದಾಳೆ, ಆದರೆ ಯಾರೂ ಬೈದಿಲ್ಲ. ಇದು ಎಂಥ ವ್ಯವಹಾರ ಎಂದು ತಲೆಗೆ ಹೋಗಲಿಲ್ಲ. ಮೇಜಿನ ಆ ಹೆಂಗಸೇ ಅರ್ಜಿಯಲ್ಲಿ ಇನ್ನೊಂದು ಚೌಕಕ್ಕೂ ಟಿಕ್ ಹಾಕಿದ್ದಳು: ಥಂಡಿ ತಡೆಯುವಂತೆ ಮನೆಯನ್ನು ರಿಪೇರಿ ಮಾಡಿಕೊಡುವ ಯೋಜನೆ, ಅದಕ್ಕೆ ಮೊದಲು ಒಬ್ಬರು ಬಂದು ಮನೆ ನೋಡುತ್ತಾರೆ.

ಹಾಗಾಗಿ ಸುಮಿತ್ರವ್ವ ಮನೆಯನ್ನು ನೋಡಿಸಿಕೊಳ್ಳಲು ಸಿದ್ಧ ಮಾಡಿದಳು. ಹಳೆಯ ಇಳಕಲ್ ಸೀರೆಗಳನ್ನು ಹರಿದು, ಉದ್ದುದ್ದ ಹೊಲಿದು, ಒಳಗೆ ಅರಳೆ ತುಂಬಿ ಬತ್ತಿ ಮಾಡಿದಳು. ಕಿಟಕಿಯ ಚೌಕಟ್ಟಿನ ಸಂದಿಗೆ, ಗೋಡೆಯ ಬುಡದ ಪಟ್ಟಿಯ ಕೆಳಗೆ, ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ಜಾಗಕ್ಕೆ, ಎಲ್ಲೆಲ್ಲಿ ಬೆರಳಿಗೆ ಗಾಳಿ ತಾಕಿತೋ ಅಲ್ಲೆಲ್ಲ ತುರುಕಿದಳು. ಮೇಲೆ ಬಿಳಿ ಬಟ್ಟೆ ಒತ್ತಿ ಗೋಡೆಯ ಬಣ್ಣಕ್ಕೆ ಹೊಂದಿಸಿದಳು. ಅಟ್ಟದ ಮುಚ್ಚಳದ ಮೇಲಂತೂ ಒಂದು ಇಡೀ ಕೌದಿಯನ್ನೇ ಹಾಸಿದಳು. ಕೈ ಅಂದರೆ ಕೈ ಆಕೆಯದು, ಹುಡುಕಿದರೂ ಸಿಗುವಂತಿರಲಿಲ್ಲ.

"ಏ ಸುಮಿತ್ರಾ, ಅವರು ತೂತು ಹುಡುಕಾಕ ಬರಾಕತ್ತಾರ, ನೀ ನೋಡಿದ್ರ ಮುಚ್ಚಾಕತ್ತಿ," ಎಂದರು ಚನ್ನವೀರಪ್ಪನವರು, ಎರಡು ಸ್ವೆಟರಿನ ಒಳಗಿಂದ.

"ನೀವು ಸುಮ್ಕಿರ್ರಿ. ನಮ್ಮಪ್ಪನ ಸಾಲಿಗೆ ಚೊಲೊ ರಿಪೋರ್ಟ್ ಬಿದ್ದಾಗಷ್ಟ ಗ್ರ್ಯಾಂಟ್ ಬರ್ತಿತ್ತು. ಮನಿ ಹಾಳು ಕೆಡವಿದವರಿಗೆ ಯಾರ್ ಕೊಡ್ತಾರ?"

ವಾದ ಮಾಡಲು ಚನ್ನವೀರಪ್ಪನವರಲ್ಲಿ ಉಸಿರಿರಲಿಲ್ಲ. ಅವರು ಕಿಟಕಿಯ ಪಕ್ಕದ ತಮ್ಮ ಕುರ್ಚಿಗೆ ಹೋಗಿ ಕೂತರು.

ಮಂಗಳವಾರ ಬಂದವಳ ಹೆಸರು ಲೊರೆಟಾ. ಅರವತ್ತರ ಆಸುಪಾಸಿನ ಕಪ್ಪು ಹೆಂಗಸು, ನರೆತ ಕೂದಲು, ದೊಡ್ಡ ಬೂಟು, ಸೊಂಟದ ಬೆಲ್ಟಿನಲ್ಲಿ ಟಾರ್ಚು, ಟೇಪು, ಸ್ಕ್ರೂಡ್ರೈವರು. ಸುಮಿತ್ರವ್ವ ರೇಷ್ಮೆ ಸೀರೆ ಉಟ್ಟು ಬಾಗಿಲು ತೆರೆದಳು. ಉಪ್ಪಿಟ್ಟು, ಚಹಾ ಮುಂದಿಟ್ಟಳು. ಲೊರೆಟಾ ನಿಂತುಕೊಂಡೇ ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾನೇ ಸಿಂಕಿಗೆ ಹಾಕಿ, ವ್ಯಾನಿನಿಂದ ತನ್ನ ಸಾಮಾನು ಒಳಗೆ ತಂದಳು.

ಆ ಸಾಮಾನನ್ನು ಕಂಡು ಸುಮಿತ್ರವ್ವ ಕಣ್ಣು ಕಣ್ಣು ಬಿಟ್ಟಳು. ಮುಂಬಾಗಿಲಿನ ಚೌಕಟ್ಟಿಗೆ ಸರಿಯಾಗಿ ಕೂರುವ ಒಂದು ಕೆಂಪು ಬಟ್ಟೆಯ ಪರದೆ, ಅದರ ಬುಡದಲ್ಲಿ ಒಂದು ದೊಡ್ಡ ಫ್ಯಾನು. ಫ್ಯಾನಿನ ಮುಖ ಹೊರಗಡೆಗೆ.

"ಇದು ನಿಮ್ಮ ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ," ಎಂದು ವಿವರಿಸಿದಳು ಲೊರೆಟಾ. "ಮನೆಗೆ ಗಾಳಿ ಬೇಕೇ ಬೇಕು. ಹಾಗಾಗಿ ಎಲ್ಲೆಲ್ಲಿ ತೂತಿದೆಯೋ ಅಲ್ಲಿಂದೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಎಳೆದುಕೊಂಡಿತು ಅಂತ ಈ ಮೀಟರು ಹೇಳುತ್ತದೆ, ಅಂಕಿ ಕಡಿಮೆ ಬಂದಷ್ಟೂ ತೂತು ಕಡಿಮೆ. ಮನೆ ಸುಳ್ಳು ಹೇಳುವುದಿಲ್ಲ, ತಾಯಿ."

ಕೊನೆಯ ಮಾತಿಗೆ ಸುಮಿತ್ರವ್ವ ಕಿಟಕಿಯ ಸಂದಿಯ ಕಡೆ ಒಮ್ಮೆ ಕದ್ದು ನೋಡಿದಳು. ಅಷ್ಟರಲ್ಲಿ ಫ್ಯಾನು ಗುಂಯ್ ಎಂದು ಎದ್ದಿತು. ಕೆಂಪು ಪರದೆ ಒಳಮುಖವಾಗಿ ಉಬ್ಬಿತು. ಲೊರೆಟಾ ಮೀಟರು ನೋಡಿದಳು, ಹುಬ್ಬೇರಿಸಿದಳು, ಮೀಟರನ್ನು ಆರಿಸಿ ಮತ್ತೆ ಹಾಕಿದಳು. ಖೋಲಿ ಖೋಲಿಗೂ ಹೋಗಿ ಕೈಯಾಡಿಸಿ ಬಂದಳು.

"ನಿಮಿಷಕ್ಕೆ ಸಾವಿರದ ಒಂಬೈನೂರು ಘನ ಅಡಿ ಗಾಳಿ, ಅಷ್ಟೇ," ಎಂದಳು. "ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇಷ್ಟು ಹಳೆಯ ಮನೆಗೆ ಇಷ್ಟು ಒಳ್ಳೆಯ ಅಂಕಿ ಬಂದದ್ದನ್ನು ನಾನು ನೋಡಿಲ್ಲ."

ಸುಮಿತ್ರವ್ವನ ಮುಖ ಮೊರದಗಲವಾಯಿತು. ಗಂಡನ ಕಡೆಗೆ, ನೋಡಿದಿರಾ ಎನ್ನುವಂತೆ ಒಂದು ನೋಟ ಎಸೆದಳು. ಅಪ್ಪ ಬದುಕಿದ್ದರೆ ಮಗಳ ಬೆನ್ನು ತಟ್ಟುತ್ತಿದ್ದರು.

"ಒಳ್ಳೆಯ ಸುದ್ದಿ," ಎಂದಳು ಲೊರೆಟಾ, ಕಾಗದದ ಮೇಲೆ ಬರೆಯುತ್ತ. "ನಿಮಗೆ ನಮ್ಮ ಅಗತ್ಯವೇ ಇಲ್ಲ. ಅಟ್ಟದ ಕೆಲಸ, ಕಿಟಕಿ, ಹೊಸ ಹೀಟರು, ಇವೆಲ್ಲ ಈ ಅಂಕಿಯ ಮೇಲೆ ನಿಂತಿವೆ. ಸರದಿಯಲ್ಲಿ ನಾನೂರು ಮನೆಗಳಿವೆ, ನಿಮ್ಮ ಜಾಗ ಮುಂದಿನವರಿಗೆ ಹೋಗುತ್ತದೆ." ಹೀಗೆಂದು ಫ್ಯಾನಿನ ವಯರು ಸುತ್ತತೊಡಗಿದಳು.

ಸುಮಿತ್ರವ್ವ ನಿಂತಲ್ಲೇ ನಿಂತಳು. ಪಾಸಾಗಿದ್ದಾಳೆ, ಪಾಸಾದದ್ದಕ್ಕೇ ಎಲ್ಲ ಹೋಗುತ್ತಿದೆ. ಬಾಯಿ ಬಿಟ್ಟರೆ ಮೊದಲ ದಿನದಿಂದ ಕಾಪಾಡಿಕೊಂಡ ಮರ್ಯಾದೆ ಹೋಗುತ್ತದೆ, ಮೇಲೆ ಸುಳ್ಳಿ ಎಂಬ ಹೆಸರು ಬೇರೆ. ಬಿಡದಿದ್ದರೆ ಈ ಹೆಂಗಸು ವ್ಯಾನು ಹತ್ತಿ ಹೋಗುತ್ತಾಳೆ, ಮಂಜಿನ ಜನವರಿ ಮುಂದೆ ಕೂತಿದೆ. ಆ ಹೊತ್ತಿಗೆ ಚನ್ನವೀರಪ್ಪನವರು ಕೆಮ್ಮಿದರು. ತಡೆಯಲು ನೋಡಿದರು, ಆಗಲಿಲ್ಲ, ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮಿದರು. ಲೊರೆಟಾ ವಯರು ಸುತ್ತುವುದನ್ನು ನಿಲ್ಲಿಸಿ ಅತ್ತ ತಿರುಗಿದಳು.

"ಸ್ವಲ್ಪ ನಿಂದರ್ರಿ," ಎಂದಳು ಸುಮಿತ್ರವ್ವ. ಗಡಿಬಿಡಿಯಲ್ಲಿ ಕನ್ನಡವೇ ಬಂದಿತ್ತು. ಆಮೇಲೆ ಅಂಗಡಿಯ ಗಲ್ಲಾದ ಹಿಂದೆ ನಿಂತು ಕಲಿತ ತನ್ನ ಇಂಗ್ಲಿಷಿನಲ್ಲಿ ಹೇಳಿದಳು: "ಮನೆ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ."

ಗಂಡನ ಕುರ್ಚಿಯ ಪಕ್ಕಕ್ಕೆ ಹೋಗಿ, ಮೊಳಕಾಲೂರಿ, ಕಿಟಕಿಯ ಕೆಳಗಿನ ಸಂದಿಯಿಂದ ಒಂದು ಬತ್ತಿಯನ್ನು ಎಳೆದು ತೋರಿಸಿದಳು. ಕೆಂಪು ಸೆರಗಿನ ಬಟ್ಟೆ ಗಜದಷ್ಟು ಉದ್ದ ಹೊರಬಂತು. ನಾಚಿಕೆಯಿಂದ ಆಕೆಗೆ ತಲೆ ಎತ್ತಲಾಗಲಿಲ್ಲ.

ಲೊರೆಟಾ ಬಂದು ಆಕೆಯ ಪಕ್ಕ ನೆಲದ ಮೇಲೇ ಕೂತಳು. ಬತ್ತಿಯನ್ನು ಕೈಗೆ ತೆಗೆದುಕೊಂಡು ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಮ್ಮಮ್ಮ ಹಳೆಯ ಪೇಪರು ತುರುಕುತ್ತಿದ್ದಳು, ಮೇಲೆ ಮೈದಾ ಅಂಟು," ಎಂದಳು. "ವೇಕೋ ಊರಲ್ಲಿ, ನಾನು ಚಿಕ್ಕವಳಿದ್ದಾಗ. ಚರ್ಚಿನಿಂದ ಯಾರಾದರೂ ಮನೆಗೆ ಬರುತ್ತಾರೆ ಅಂದರೆ ಸಾಕು, ರಾತ್ರಿ ಹಗಲು ಅದೇ ಕೆಲಸ. ಆದರೆ ಇಷ್ಟು ಚಂದ ಅವಳಿಗೆ ಬರುತ್ತಿರಲಿಲ್ಲ." ಎದ್ದು, ಸುತ್ತಿದ್ದ ವಯರನ್ನು ಮತ್ತೆ ಬಿಚ್ಚಿದಳು. "ಬನ್ನಿ. ಈಗ ನಿಮ್ಮ ಮನೆ ಏನು ಹೇಳುತ್ತದೋ ಕೇಳೋಣ. ನೀವೇ ತೆಗೆಯಿರಿ, ಎಲ್ಲೆಲ್ಲಿ ಇಟ್ಟಿದ್ದೀರೋ ನಿಮಗೇ ಗೊತ್ತು."

ಫ್ಯಾನು ಮತ್ತೆ ಗುಂಯ್ ಎಂದಿತು. ಸುಮಿತ್ರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಬತ್ತಿ ಎಳೆಯುತ್ತ ಹೋದಳು. ಆಗ ಆದದ್ದನ್ನು ಆಕೆ ಆಮೇಲೆ ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ. ಮೊದಲ ಬತ್ತಿಗೆ ಕ್ಯಾಲೆಂಡರಿನ ಹಾಳೆ ಎದ್ದು ಪಟಪಟ ಬಡಿದುಕೊಂಡಿತು. ಐದನೆಯದಕ್ಕೆ ಪರದೆಗಳೆಲ್ಲ ಹೊಟ್ಟೆ ಉಬ್ಬಿಸಿದವು. ಗೋಡೆಯ ಸ್ವಿಚ್ಚಿನ ಸುತ್ತಲಿಂದ, ನೆಲದ ಪಟ್ಟಿಯ ಬುಡದಿಂದ, ತೂತಿದೆ ಎಂದು ಆಕೆ ಕನಸಿನಲ್ಲೂ ನೆನೆಸದ ಬಚ್ಚಲಿನ ಕನ್ನಡಿಯ ಹಿಂದಿನಿಂದ ಗಾಳಿ ಸುಯ್ಯೆಂದು ನುಗ್ಗಿತು. ಅಟ್ಟದ ಮೇಲಿನ ಕೌದಿಯನ್ನು ಜಗ್ಗಿದಾಗ ಮೇಲಿನಿಂದ ಧೂಳು, ಒಣಗಿದ ಎಲೆ, ಯಾವುದೋ ಹಕ್ಕಿಯ ಪುಕ್ಕ ಎಲ್ಲ ಸುರಿದವು. ಮನೆಗೆ ಮನೆಯೇ ಸಿಳ್ಳೆ ಹಾಕುತ್ತಿತ್ತು. ಗಾಳಿಯ ದಾರಿ ಕಾಣಿಸಲೆಂದು ಲೊರೆಟಾ ತಂದಿದ್ದ ಹೊಗೆಯ ಡಬ್ಬಿ ಖಾಲಿಯಾದಾಗ ಸುಮಿತ್ರವ್ವ ದೇವರ ಮುಂದಿನಿಂದ ಊದಿನಕಡ್ಡಿಯ ಕಟ್ಟನ್ನೇ ತಂದು ಹಚ್ಚಿ ಕೊಟ್ಟಳು. ಊದಿನಕಡ್ಡಿ ಹಿಡಿದು ಇಬ್ಬರೂ ಗೋಡೆಗುಂಟ ನಡೆದರು. ನೆಟ್ಟಗೆ ಏರುತ್ತಿದ್ದ ಹೊಗೆ, ತೂತು ಬಂದಲ್ಲೆಲ್ಲ ಬೆಚ್ಚಿದಂತೆ ಹಿಂದಕ್ಕೆ ಹಾರುತ್ತಿತ್ತು. ಕಣ್ಣಿಗೆ ಕಾಣದ ಗಾಳಿ ತನ್ನ ದಾರಿಯನ್ನೆಲ್ಲ ತಾನೇ ತೋರಿಸಿಕೊಡುತ್ತಿತ್ತು. ಸುಮಿತ್ರವ್ವನ ಮೈ ಝುಂ ಎಂದಿತು. ನಾಚಿಕೆ ಎಲ್ಲಿ ಹೋಯಿತೋ ಆಕೆಗೇ ತಿಳಿಯಲಿಲ್ಲ, "ಇಲ್ಲಿ ನೋಡ್ರಿ, ಇಲ್ಲಿ ನೋಡ್ರಿ" ಎನ್ನುತ್ತ ಲೊರೆಟಾಗಿಂತ ಮುಂದೆ ಓಡುತ್ತಿದ್ದಳು.

ಕಿಟಕಿಯ ಕೆಳಗಿನ ಸಂದಿಗೆ ಬಂದಾಗ ಹೊಗೆ ಒಂದೇ ಗೆರೆಯಾಗಿ ಹೊರಟು ಚನ್ನವೀರಪ್ಪನವರ ಎದೆಗೆ ಹೋಗಿ ಬಡಿಯಿತು. ಅವರು ಬಹಳ ಹೊತ್ತು ಆ ಗೆರೆಯನ್ನು ನೋಡಿದರು.

"ಸುಮಿತ್ರಾ," ಎಂದರು ಮೆಲ್ಲಗೆ. "ಮೂರು ವರ್ಷಾತು ನಾ ಇಲ್ಲೇ ಕುಂಡ್ರತೇನಿ. ಥಂಡಿ ನನ್ನ ಮೈಯೊಳಗಿಂದ ಬರತೈತಿ ಅಂತ ತಿಳ್ಕೊಂಡಿದ್ದೆ. ಸಾಯೋ ಮುಂದ ಹಿಂಗ ಆಗತೈತೇನೋ ಅಂತ."

ಸುಮಿತ್ರವ್ವ ತನ್ನ ಊದಿನಕಡ್ಡಿಯನ್ನು ಲೊರೆಟಾಳ ಕೈಗೆ ಕೊಟ್ಟಳು. ಅವರ ಕುರ್ಚಿಯನ್ನು ಅವರು ಕೂತಂತೆಯೇ ಆಚೆಗೆ ಎಳೆದಳು.

"ನಾಲ್ಕು ಸಾವಿರದ ನೂರು," ಎಂದು ಲೊರೆಟಾ ಬಾಗಿಲ ಬಳಿಯಿಂದ ಕೂಗಿದಳು. ಫ್ಯಾನು ಆರಿಸಿ ಬಂದು ಎರಡೂ ಕೈಯನ್ನು ಅಗಲಿಸಿ ಹಿಡಿದಳು, ರೊಟ್ಟಿಯ ಹಿಟ್ಟು ನಾದುವ ದೊಡ್ಡ ಪರಾತದಷ್ಟು. "ನಿಮ್ಮ ತೂತುಗಳನ್ನೆಲ್ಲ ಒಟ್ಟು ಸೇರಿಸಿದರೆ ಇಷ್ಟಾಗುತ್ತದೆ. ಗೋಡೆಯಲ್ಲಿ ಇಷ್ಟು ದೊಡ್ಡ ಕಿಂಡಿ ಮಾಡಿ, ಚಳಿಗಾಲವೆಲ್ಲ ತೆರೆದಿಟ್ಟು, ಹೀಟರು ಹಾಕಿಕೊಂಡು ಕೂತಿದ್ದೀರಿ."

ಸುಮಿತ್ರವ್ವ ಆ ಎರಡು ಕೈಗಳ ನಡುವಿನ ಜಾಗವನ್ನೇ ನೋಡಿದಳು. ಎಷ್ಟು ವರ್ಷದ ದುಡಿಮೆ ಆ ಕಿಂಡಿಯಿಂದ ಹಾರಿಹೋಗಿತ್ತೋ.

ಲೊರೆಟಾ ಹೊಸ ಕಾಗದ ತೆಗೆದು ಮೊದಲಿನಿಂದ ಬರೆದಳು. ಅಟ್ಟ, ಗೋಡೆ, ಕಿಟಕಿ, ಹೀಟರು. ಬರೆದು ಮುಗಿಸಿ ಸಹಿಗೆ ಕೊಟ್ಟಳು. ಸುಮಿತ್ರವ್ವ ಪೆನ್ನು ಹಿಡಿದವಳು ಸಹಿ ಹಾಕದೆ ಕೇಳಿದಳು: "ಇದನ್ನು ಕೊಡುವವರು ಯಾರು?"

"ಯಾರೂ ಅಂತ ಒಬ್ಬರಿಲ್ಲ. ಎಲ್ಲರೂ."

"ಎಲ್ಲರೂ ಅಂದರೆ? ಒಬ್ಬರ ಹೆಸರಾದರೂ ಇರಬೇಕಲ್ಲ. ಹೆಸರು ಎಲ್ಲಿ ಬರೆಯುತ್ತಾರೆ?"

ಆಕೆ ಕೇಳಿದ್ದು ತಪ್ಪಲ್ಲ. ಊರ ಮಠಕ್ಕೆ ನಾಲ್ಕು ಫ್ಯಾನು ಕೊಟ್ಟಾಗ ಸ್ವತಃ ಚನ್ನವೀರಪ್ಪನವರೇ ಪ್ರತಿ ರೆಕ್ಕೆಯ ಮೇಲೂ ತಮ್ಮ ಹೆಸರು, ಊರು, ತಂದೆಯ ಹೆಸರು ಕೆಂಪು ಬಣ್ಣದಲ್ಲಿ ಬರೆಸಿದ್ದರು. ಫ್ಯಾನು ತಿರುಗುವಾಗ ಯಾರಿಗೂ ಓದಲು ಬರುತ್ತಿರಲಿಲ್ಲ, ಆ ಮಾತು ಬೇರೆ.

ಲೊರೆಟಾ ನಕ್ಕಳು. "ತೆರಿಗೆಯಿಂದ ಬರುತ್ತದೆ, ತಾಯಿ. ನನ್ನದು ಸ್ವಲ್ಪ ಇದೆ. ದೂರದ ಮೈನ್ ರಾಜ್ಯದಲ್ಲಿ ಮೀನು ಹಿಡಿಯುವವನದು ಸ್ವಲ್ಪ, ಎಲ್ಲೋ ಟ್ರಕ್ಕು ಓಡಿಸುವವಳದು ಸ್ವಲ್ಪ. ಅವರಿಗೆ ನೀವು ಯಾರೆಂದು ಗೊತ್ತಿಲ್ಲ. ನೀವು ಅಂಗಡಿ ನಡೆಸುವಾಗ ತೆರಿಗೆ ಕಟ್ಟಲಿಲ್ಲವೇ? ಆಗ ಯಾವುದೋ ಊರಿನಲ್ಲಿ, ಯಾರದೋ ಅಟ್ಟಕ್ಕೆ ನಿಮ್ಮದೂ ಹೋಗಿದೆ."

ಚನ್ನವೀರಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. ಅವರ ಮುಖದಲ್ಲಿ ಮೂರು ವರ್ಷದಿಂದ ಕಾಣದಿದ್ದ ಒಂದು ಕಳೆ ಬಂತು. "ಹಂಗಾರ ನಾವೂ ಯಾರನ್ನೋ ಬೆಚ್ಚಗ ಇಟ್ಟಿದ್ವಿ ಅಂದಂಗಾತು," ಎಂದರು. "ಗೊತ್ತೇ ಇರಲಿಲ್ಲ ನೋಡು."

ಸುಮಿತ್ರವ್ವ ಸಹಿ ಹಾಕಿದಳು. ಹೆಸರಿಲ್ಲದ ಅಷ್ಟು ಜನ, ಮುಖ ನೋಡದ ಅಷ್ಟು ಜನ, ತನ್ನ ಗಂಡನ ಎದೆಗೆ ಬಡಿಯುವ ಗಾಳಿಗೆ ಅಡ್ಡ ನಿಲ್ಲಲು ಒಪ್ಪಿದ್ದಾರೆ. ದೇವರ ಗುಡಿಯಲ್ಲಿ ನಿಂತಾಗಲೂ ಆಕೆಗೆ ಅಷ್ಟು ದೊಡ್ಡದರ ಮುಂದೆ ನಿಂತಿದ್ದೇನೆ ಎನ್ನಿಸಿರಲಿಲ್ಲ. ಕೈ ಮುಗಿಯಬೇಕೆನ್ನಿಸಿತು, ಯಾವ ದಿಕ್ಕಿಗೆ ಮುಗಿಯಬೇಕೆಂದು ತಿಳಿಯದೆ ಒಂದು ಡಬ್ಬಿಗೆ ಉಪ್ಪಿಟ್ಟು ತುಂಬಿ ಲೊರೆಟಾಳ ಕೈಗೆ ಕೊಟ್ಟು ಕಳಿಸಿದಳು.

ಮನೆಯಲ್ಲಿ ಕಾಯಿಲೆಯವರಿದ್ದಾರೆಂದು ಲೊರೆಟಾ ಬರೆದಿದ್ದರಿಂದ ಸರದಿ ಬೇಗ ಬಂತು. ಜನವರಿಯ ಎರಡನೆಯ ವಾರ ಐದು ಮಂದಿ ಕೆಲಸದವರು ಬಂದರು. ಎರಡು ದಿನ ಮನೆಯೆಲ್ಲ ಅವರದೇ. ಲಾರಿಯಿಂದ ಅಟ್ಟಕ್ಕೆ ಸೊಂಡಿಲಿನಂಥ ಪೈಪು ಹಾಕಿ ಬೂದು ಬಣ್ಣದ ಅರಳೆಯಂಥದನ್ನು ಮೊಣಕಾಲುದ್ದ ತುಂಬಿದರು. ಅದು ಹಳೆಯ ಪೇಪರನ್ನು ಅರೆದು ಮಾಡಿದ್ದೆಂದು ಕೇಳಿ ಸುಮಿತ್ರವ್ವನಿಗೆ ಸೋಜಿಗವೋ ಸೋಜಿಗ. ಸಂದುಗಳಿಗೆಲ್ಲ ಬಿಳಿ ಮುಲಾಮು ಹಿಂಡಿದರು, ಬಾಗಿಲಿಗೆ ರಬ್ಬರಿನ ಅಂಚು ಕಟ್ಟಿದರು, ಹಳೆಯ ಹೀಟರನ್ನು ಕಿತ್ತು ಹೊಸದನ್ನು ಕೂರಿಸಿದರು. ಹೋಗುವಾಗ ಕಸ ಗುಡಿಸಿ ಹೋದರು.

ಅದೇ ತಿಂಗಳ ಕೊನೆಗೆ ಉತ್ತರದ ಗಾಳಿ ಮತ್ತೆ ಇಳಿಯಿತು. ಸುಮಿತ್ರವ್ವ ಕೆಲಸ ಮುಗಿಸಿ ಮಧ್ಯಾಹ್ನ ಎರಡರ ಸುಮಾರಿಗೆ ಮನೆಗೆ ಬಂದಾಗ ಅಂಗಳದ ಪೆಕಾನ್ ಮರ ಹುಚ್ಚೆದ್ದು ತೂಗಾಡುತ್ತಿತ್ತು. ಒಳಗೆ ಬಂದು ಬಾಗಿಲು ಹಾಕಿದ್ದೇ ಸದ್ದೆಲ್ಲ ಹೊರಗೇ ನಿಂತುಬಿಟ್ಟಿತು. ಗಾಜಿನಾಚೆ ಮರದ ಕೊಂಬೆ ಬಳುಕಿ ನೆಲಕ್ಕೆ ತಾಕುತ್ತಿದೆ, ಈಚೆ ಪರದೆಯ ಅಂಚೂ ಅಲುಗುತ್ತಿಲ್ಲ. ಆಕೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತು ನೋಡಿದಳು.

ಚನ್ನವೀರಪ್ಪನವರು ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಮೈಮೇಲೆ ಬರೀ ಬನಿಯನ್ನು, ಲುಂಗಿ. ಎರಡು ಸ್ವೆಟರು, ಕೋಟು, ಮಫ್ಲರು ಎಲ್ಲ ಪಕ್ಕದ ಮಂಚದ ಮೇಲೆ ಗುಡ್ಡೆ ಬಿದ್ದಿದ್ದವು. ಅಕ್ಟೋಬರಿನಿಂದ ಈಚೆಗೆ ಆಕೆ ಅವರನ್ನು ಹೀಗೆ ಕಂಡಿರಲಿಲ್ಲ. ಬಚ್ಚಲಿಗೆ ಹೋದರೆ ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದರು, ಹೊರಗೆ ಬರುವಾಗ ಸ್ವೆಟರು ಹಾಕಿಯೇ ಬರುತ್ತಿದ್ದರು. "ಊಟ ಚೊಲೊ ಸೇರತೈತಿ, ಚಿಂತಿ ಮಾಡಬ್ಯಾಡ" ಎಂದು ದಿನಾ ಹೇಳುತ್ತಿದ್ದರು. ಈಗ ನೋಡಿದರೆ ಕೊರಳ ಕೆಳಗಿನ ಮೂಳೆಗಳು ಎದ್ದು ನಿಂತಿದ್ದವು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ರಟ್ಟೆ ಇದ್ದ ಜಾಗದಲ್ಲಿ ಚರ್ಮ ಜೋತುಬಿದ್ದಿತ್ತು. ಇಡೀ ಚಳಿಗಾಲ ತಾನು ನೋಡಿದ್ದು ಗಂಡನನ್ನಲ್ಲ, ಸ್ವೆಟರುಗಳನ್ನು ಎಂದು ಆಕೆಗೆ ಆಗ ತಿಳಿಯಿತು.

ಅಳು ಬಂತು, ನುಂಗಿಕೊಂಡಳು. ಕೋಪವೂ ಬಂತು, ಎಷ್ಟು ದಿನದಿಂದ ಮುಚ್ಚಿಟ್ಟಿದ್ದಾನೆ ಈ ಮನುಷ್ಯ ಎಂದು. ಆದರೆ ಕಣ್ಣು ಕೀಳಲಾಗಲಿಲ್ಲ. ಆ ಸಣ್ಣ ಎದೆ ಏರುತ್ತಿತ್ತು, ನಿಲ್ಲುತ್ತಿತ್ತು, ಇಳಿಯುತ್ತಿತ್ತು. ಮನೆಯಲ್ಲಿ ಬೇರೆ ಸದ್ದಿಲ್ಲದ್ದರಿಂದ ಒಂದೊಂದು ಉಸಿರೂ ಕೇಳಿಸುತ್ತಿತ್ತು, ಒಣಗಿದ ಎಲೆ ಮುರಿದಂಥ ಸಣ್ಣ ಸಪ್ಪಳ. ಇಷ್ಟು ಸಣ್ಣ ಉಸಿರಿನಲ್ಲೇ ಆ ಗಾಳಿಯನ್ನೆಲ್ಲ ಎದುರಿಸಿ ಇಲ್ಲಿಯವರೆಗೆ ಬಂದಿದ್ದಾರೆಯೇ ಎಂದು ಆಕೆ ಬೆರಗಾದಳು.

ಚನ್ನವೀರಪ್ಪನವರು ಕಣ್ಣು ತೆರೆದರು. ಹೆಂಡತಿ ನೋಡುತ್ತಿರುವುದು ಕಂಡಿತು, ಕೈ ತಟ್ಟನೆ ಸ್ವೆಟರಿನ ಕಡೆಗೆ ಹೋಯಿತು. ಸುಮಿತ್ರವ್ವ ಆ ಕೈಯನ್ನು ಹಿಡಿದಳು.

"ಬ್ಯಾಡ್ರಿ," ಎಂದಳು. "ಬೆಚ್ಚಗ ಐತಲ್ಲ, ಹಂಗ ಇರ್ರಿ. ನಾ ನೋಡ್ತೇನಿ."

ಅವರು ಸ್ವಲ್ಪ ಹೊತ್ತು ಆಕೆಯ ಮುಖ ನೋಡಿ ಕೈ ಸಡಿಲ ಬಿಟ್ಟರು. ಸುಮಿತ್ರವ್ವ ಒಂದು ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತಳು.